ಕುಂದೂರು ಐನೂರರಿಂದ ನರೇಂದ್ರ ಕ್ರಾಸಿನವರೆಗೆ: ಒಂದು ಗ್ರಾಮದ ಇತಿಹಾಸವೂ ಅದರ ದಾರಿಗಳೂ

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ, ಪಟ್ಟಣವನ್ನು ಬಿಟ್ಟು ವಾಯವ್ಯಕ್ಕೆ ಸುಮಾರು ೫ ಮೈಲಿ ನಡೆದರೆ ನರೇಂದ್ರವೆಂಬ ಗ್ರಾಮವು ದೊರೆಯುತ್ತದೆ. ಈ ಹೆಸರು ಇಂದು ಅಪರಿಚಿತವಾದುದೇನೂ ಅಲ್ಲ. ಪುಣೆಯಿಂದ ಬೆಂಗಳೂರಿಗೆ ಸಾಗುವ ಲಾರಿಗಳೂ ಬಸ್ಸುಗಳೂ ಹುಬ್ಬಳ್ಳಿ-ಧಾರವಾಡಗಳನ್ನು ಹೊಗದೆ ಹೊರಗಿಂದ ಹೊರಗೆ ದಾಟಿಹೋಗುವ ಬೈಪಾಸ್ ರಸ್ತೆಯು ಕವಲೊಡೆಯುವುದು ಇಲ್ಲಿಯೇ ಆದುದರಿಂದ, 'ನರೇಂದ್ರ ಕ್ರಾಸ್' ಎಂಬ ಮಾತು ದೂರದೂರದ ಚಾಲಕರ ಬಾಯಲ್ಲಿಯೂ ಇರುತ್ತದೆ. ಆದರೆ ಕ್ರಾಸನ್ನು ಬಲ್ಲವರೆಲ್ಲರೂ ಊರನ್ನು ಬಲ್ಲವರಲ್ಲ. ಊರನ್ನು ಬಲ್ಲವರಲ್ಲಿಯೂ ಅದರ ಹಳೆಯ ಹೆಸರನ್ನು ಬಲ್ಲವರು ವಿರಳ. ಶಾಸನಗಳಲ್ಲಿ ಈ ಊರು ಕುಂದೂರು. ಕುಂದೂರು ಐನೂರು ಎಂಬ ನಾಡಿಗೆ ಅದು ತಲೆಯೂರಾಗಿದ್ದಿತು.

ಒಂದು ನಾಡಿನ ತಲೆಯೂರು ಒಂದು ಕವಲುದಾರಿಯ ಹೆಸರಾಗಿ ಉಳಿದುದು ಹೇಗೆಂಬ ಪ್ರಶ್ನೆಗೆ ಅರಸುಮನೆತನಗಳ ಏಳುಬೀಳುಗಳಿಂದ ಪೂರ್ಣವಾದ ಸಮಾಧಾನವು ದೊರೆಯಲಾರದು. ಕದಂಬರು ಅಳಿದರೆಂಬ ಮಾತ್ರಕ್ಕೆ ಹಾನಗಲ್ಲು ಅಳಿಯಲಿಲ್ಲ. ಚಾಳುಕ್ಯರು ಅಳಿದರೆಂಬ ಮಾತ್ರಕ್ಕೆ ಲಕ್ಷ್ಮೇಶ್ವರವು ಹಳ್ಳಿಯಾಗಲಿಲ್ಲ. ನರೇಂದ್ರದ ವಿಷಯದಲ್ಲಿ ಅರಸರಿಗಿಂತ ದಾರಿಗಳು ಹೆಚ್ಚಿನ ಸಾಕ್ಷಿಯನ್ನು ನುಡಿಯುತ್ತವೆ. ಕುಂದೂರು ಬಾಳಿದ್ದು ಪೂರ್ವದಿಂದ ಪಶ್ಚಿಮಕ್ಕೆ, ಬಯಲುಸೀಮೆಯಿಂದ ಕಡಲಿಗೆ, ಇಳಿಯುವ ದಾರಿಯ ಮೇಲೆ. ನರೇಂದ್ರವು ನಿಂತಿರುವುದು ಉತ್ತರದಿಂದ ದಕ್ಷಿಣಕ್ಕೆ ಹಾಯುವ ದಾರಿಯ ಮೇಲೆ. ಊರು ಕದಲಲಿಲ್ಲ, ದಾರಿಯ ದಿಕ್ಕು ತಿರುಗಿತು.

ಮೊದಲು ಶಾಸನಗಳನ್ನು ನೋಡತಕ್ಕದ್ದು. ನರೇಂದ್ರದ ಶಂಕರಲಿಂಗ ದೇವಾಲಯದ ಸಂಬಂಧವಾದ ಎರಡು ಶಾಸನಗಳು ಪ್ರಸಿದ್ಧವಾಗಿವೆ. ಇವು ಕಲ್ಯಾಣ ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಳಿಕೆಯ ಕೊನೆಯ ವರ್ಷಗಳವು, ಒಂದು ಕ್ರಿ. ಶ. ೧೧೨೫ರದು, ಇನ್ನೊಂದು ೧೧೨೬ರದು. ಇವನ್ನು ಲಯನೆಲ್ ಬಾರ್ನೆಟ್ ಎಂಬ ಆಂಗ್ಲ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ ೧೩ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಅವಕ್ಕಿಂತ ಮೊದಲೇ ಫ್ಲೀಟರು ಕನ್ನಡ ಜಿಲ್ಲೆಗಳ ಅರಸುಮನೆತನಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಗೋವೆಯ ಕದಂಬರ ವಂಶಾವಳಿಗೆ ಒಂದು ನೆಲೆಗಟ್ಟನ್ನು ಹಾಕಿದ್ದರು. ೧೯೩೧ರಲ್ಲಿ ಹೊರಬಂದ ಮೋರೈಸರ 'ಕದಂಬ ಕುಲ'ವು ಆ ನೆಲೆಗಟ್ಟಿನ ಮೇಲೆ ವಿಸ್ತಾರವಾದ ಚರಿತ್ರೆಯನ್ನು ಕಟ್ಟಿತು. ಆ ಚರಿತ್ರೆಯಲ್ಲಿ ಕಡಲ ಪ್ರಸಂಗ ಬಂದಲ್ಲಿ ನರೇಂದ್ರದ ಕಲ್ಲುಗಳ ಸಾಕ್ಷ್ಯವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಇದು ಸ್ವಲ್ಪ ವಿಚಿತ್ರವಾದ ಸಂಗತಿಯೇ ಸರಿ. ಧಾರವಾಡದ ಮಗ್ಗುಲಿನ ಊರು. ಕಡಲು ಅಲ್ಲಿಂದ ನೇರ ಅಳತೆಯಲ್ಲಿಯೇ ೭೦ ಮೈಲಿಗಳಷ್ಟು ದೂರ. ನಡುವೆ ಸಹ್ಯಾದ್ರಿಯ ಕಾಡು, ಘಟ್ಟ. ಆದರೂ ಈ ಊರಿನ ಕಲ್ಲಿನ ಮೇಲೆ ಹಡಗುಗಳ ವರ್ಣನೆ ಕೊರೆಯಲ್ಪಟ್ಟಿದೆ. ಕದಂಬ ಚಟ್ಟಯ್ಯನು, ಎಂದರೆ ಷಷ್ಠದೇವನು, ಕವಡಿದ್ವೀಪವನ್ನೂ ಇನ್ನೂ ಹಲವು ಪ್ರದೇಶಗಳನ್ನೂ ವಶಪಡಿಸಿಕೊಂಡು, ಹಡಗುಗಳ ಸಾಲುಗಳಿಂದಲೇ ಲಂಕೆಯವರೆಗೆ ಸೇತುವೆ ಕಟ್ಟಿದನೆಂದೂ ಅಲ್ಲಿಯವರಿಂದ ಕಪ್ಪವನ್ನು ಬಯಸಿದನೆಂದೂ ಶಾಸನಕವಿಯು ಹೇಳುತ್ತಾನೆ. ಅವನು ಕಡಲಲ್ಲಿ ಲೀಲೆಯಿಂದ ವಿಹರಿಸುತ್ತ ಸೌರಾಷ್ಟ್ರದ ಕಡೆಗೆ ಸಾಗಿದಾಗ ಠಾಣೆಯ ಮಮ್ಮುರಿಯು ಇದನ್ನು ಕೇಳಿ ಎದುರುಗೊಂಡು, ಪ್ರೀತಿಯಿಂದ ಅರಮನೆಗೆ ಕರೆದೊಯ್ದು, ತನ್ನ ಮಗಳನ್ನೂ ಐದು ಲಕ್ಷ ಹೊನ್ನನ್ನೂ ಕೊಟ್ಟನೆಂದೂ ವರ್ಣನೆಯಿದೆ.

ಇದರಲ್ಲಿ ಕವಿಸಮಯವೆಷ್ಟು, ಚರಿತ್ರೆಯೆಷ್ಟು? ಹಡಗುಗಳ ಸೇತುವೆಯು ರಾಮಾಯಣದ ಸೇತುಬಂಧವನ್ನು ನೆನಪಿನಲ್ಲಿಟ್ಟುಕೊಂಡು ಮಾಡಿದ ಉತ್ಪ್ರೇಕ್ಷೆಯೆಂಬುದರಲ್ಲಿ ಸಂಶಯವಿಲ್ಲ. ಲಂಕೆಯೆಂಬ ಪದವು ಕೂಡಿಬಂದುದರ ಕಾರಣವೂ ಅದೇ. ಆದರೆ ಠಾಣೆಯ ಮಾತು ಬೇರೆ. ಮಮ್ಮುರಿಯು ಉತ್ತರ ಕೊಂಕಣದ ಶಿಲಾಹಾರ ಅರಸನಾದ ಮುಮ್ಮುಣಿಯಲ್ಲದೆ ಬೇರೆಯಲ್ಲ. ಅವನ ಕಾಲದ ಅಂಬರನಾಥ ದೇವಾಲಯದ ಶಾಸನವು ಶಕ ೯೮೨ರದು, ಎಂದರೆ ಕ್ರಿ. ಶ. ೧೦೬೦ರದು. ಷಷ್ಠದೇವನ ಆಳಿಕೆಯು ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ನಿಲ್ಲುತ್ತದೆ. ಹೀಗಿರಲು ಇಬ್ಬರಿಗೂ ಭೇಟಿಯಾಗುವುದರಲ್ಲಿ ಕಾಲವಿರೋಧವೇನೂ ಇಲ್ಲ. ಬರೀ ಹೊಗಳಿಕೆಗಾಗಿ ಕಟ್ಟಿದ ಕಥೆಯಾಗಿದ್ದರೆ, ಸುಮಾರು ಎಂಬತ್ತು ವರ್ಷಗಳ ತರುವಾಯ ಬರೆದ ಕವಿಗೆ ಸರಿಯಾದ ಅರಸನ ಹೆಸರು ಸರಿಯಾದ ಊರಿನೊಡನೆ ನೆನಪಾಗುವುದು ಅಷ್ಟು ಸುಲಭವಲ್ಲ.

ಕವಡಿದ್ವೀಪವೆಂಬ ಹೆಸರೂ ವಿಚಾರಯೋಗ್ಯವಾದುದು. ಕನ್ನಡದ ಕವಡಿಯು ಸಂಸ್ಕೃತದ ಕಪರ್ದಿಕಾ ಶಬ್ದದ ತದ್ಭವವೆಂಬುದು ವೈಯಾಕರಣರಿಗೆ ವಿದಿತವೇ ಇದೆ. ಆದುದರಿಂದ ಕವಡಿದ್ವೀಪವನ್ನು ಕವಡಿಗಳು ದೊರೆಯುವ ದ್ವೀಪವೆಂದು ಅರ್ಥೈಸಿ ದೂರದ ಕಡಲುಗಳಲ್ಲಿ ಹುಡುಕುವ ಮೋಹವು ಹುಟ್ಟುವುದು ಸಹಜ. ಆದರೆ ಉತ್ತರ ಕೊಂಕಣದ ಶಿಲಾಹಾರ ವಂಶದ ಮೂಲಪುರುಷನ ಹೆಸರು ಕಪರ್ದಿ. ಅವನ ನಾಡು ಕಪರ್ದಿಕದ್ವೀಪವೆನಿಸಿ, ಅದು ಕನ್ನಡಿಗರ ಬಾಯಲ್ಲಿ ಕವಡಿದ್ವೀಪವಾಯಿತೆಂದು ವಿದ್ವಾಂಸರು ಮಾಡಿದ ನಿರ್ಣಯವೇ ಹೆಚ್ಚು ಗ್ರಾಹ್ಯವಾಗಿದೆ. ಠಾಣೆಯ ಅರಸನ ಪ್ರಸಂಗವು ಅದೇ ಶಾಸನದಲ್ಲಿ ಬರುವುದೂ ಈ ಅರ್ಥಕ್ಕೆ ಪೋಷಕವಾಗಿದೆ. ಕನ್ನಡದ ಕಿವಿಯು ಪರನಾಡಿನ ಅರಸನ ಹೆಸರನ್ನು ಸಂತೆಯ ಕವಡಿಯನ್ನಾಗಿ ಮಾಡಿಕೊಂಡ ಬಗೆಯು ಭಾಷಾಶಾಸ್ತ್ರವನ್ನು ಕಲಿಸುವವರಿಗೆ ಒಂದು ಒಳ್ಳೆಯ ಉದಾಹರಣೆ.

ಶಾಸನಗಳ ಕಾಲದಲ್ಲಿ ಇಲ್ಲಿ ಆಳುತ್ತಿದ್ದವನು ಷಷ್ಠದೇವನ ವಂಶಜನಾದ ಎರಡನೆಯ ಜಯಕೇಶಿ. ಅವನು ಕೊಂಕಣ ೯೦೦, ಪಲಸಿಗೆ ೧೨೦೦೦, ಪಯ್ವೆ-ಹಯ್ವೆ ೫೦೦ ಮತ್ತು ಸಪಾದಲಕ್ಷ ಕವಡಿದ್ವೀಪಗಳ ಒಡೆಯನೆನಿಸಿಕೊಂಡಿದ್ದಾನೆ. ಚಕ್ರವರ್ತಿ ವಿಕ್ರಮಾದಿತ್ಯನ ಮಗಳಾದ ಮೈಳಲಮಹಾದೇವಿಯು ಅವನ ಪಟ್ಟದರಸಿ. ಎರಡೂ ಮನೆತನಗಳ ಸಂಬಂಧವು ಆಗ ಹೊಸದಾಗಿ ಹುಟ್ಟಿದುದಲ್ಲ. ಅಜ್ಜನಾದ ಒಂದನೆಯ ಜಯಕೇಶಿಯು ವಿಕ್ರಮಾದಿತ್ಯನು ಇನ್ನೂ ಸಿಂಹಾಸನವನ್ನೇರದ ಕಾಲದಲ್ಲಿ ಅವನನ್ನು ಸತ್ಕರಿಸಿದ ಸಂಗತಿಯನ್ನು ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಹೇಳಿದ್ದಾನೆ. ಆ ಒಂದನೆಯ ಜಯಕೇಶಿಯೇ ಚಂದ್ರಪುರದಿಂದ ಗೋಪಕಪಟ್ಟಣಕ್ಕೆ ರಾಜಧಾನಿಯನ್ನು ತಂದವನು. ೧೦೫೯ರ ಅವನ ಪಣಜಿ ತಾಮ್ರಶಾಸನದಲ್ಲಿ ತಾಜಿಕ ಕುಲದ, ಎಂದರೆ ಅರಬ ಮೂಲದ, ಛದಮನೆಂಬ ಅಧಿಕಾರಿಯ ಪ್ರಶಂಸೆಯಿದೆ. ಗೋಪಕಪಟ್ಟಣದ ರೇವಿಗೆ ಯಾವ ಯಾವ ಕಡಲುಗಳ ಜನರು ಬಂದು ನೆಲೆಸುತ್ತಿದ್ದರೆಂಬುದಕ್ಕೆ ಇಷ್ಟು ಸಾಕು.

ಇನ್ನು ದಾರಿಯ ವಿಚಾರ. ಭೂಪಟವನ್ನು ಬಿಡಿಸಿ ನೋಡಿದರೆ ಒಂದು ಸಂಗತಿಯು ಕೂಡಲೇ ಕಣ್ಣಿಗೆ ಬೀಳುತ್ತದೆ. ಬೆಳ್ವೊಲ ಮುನ್ನೂರರ ಮುಖ್ಯಸ್ಥಾನವಾದ ಅಣ್ಣಿಗೇರಿ, ಕುಂದೂರು ಐನೂರರ ಕುಂದೂರು, ಪಲಸಿಗೆ ಹನ್ನೆರಡು ಸಾಸಿರದ ಪಲಸಿಗೆ, ಎಂದರೆ ಖಾನಾಪುರ ತಾಲೂಕಿನ ಹಲಸಿ, ಮತ್ತು ಗೋಪಕಪಟ್ಟಣ, ಎಂದರೆ ಜುವಾರಿ ನದಿಯ ಮೇಲಿನ ಹಳೆಯ ಗೋವೆ, ಈ ನಾಲ್ಕೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಗೆರೆಯ ಮೇಲೆ, ಪೂರ್ವಪಶ್ಚಿಮವಾಗಿ ಪೋಣಿಸಿದಂತೆ ನಿಂತಿವೆ. ನೇರ ಅಳತೆಯಲ್ಲಿ ಅಣ್ಣಿಗೇರಿಯಿಂದ ಕುಂದೂರಿಗೆ ಸುಮಾರು ೩೦ ಮೈಲಿ. ಕುಂದೂರಿನಿಂದ ಹಲಸಿಗೆ ಸುಮಾರು ೨೫. ಅಲ್ಲಿಂದ ಗೋಪಕಕ್ಕೆ ೫೦ಕ್ಕೆ ಸ್ವಲ್ಪ ಕಡಿಮೆ. ಮೊದಲಿನದು ಎರೆಯ ಬಯಲು. ಎರಡನೆಯದು ಮಳೆನಾಡಿನ ಸೆರಗು. ಮೂರನೆಯದು ಕಾಡು ಮತ್ತು ಘಟ್ಟ. ಎತ್ತಿನ ಬಂಡಿಯು ದಿನಕ್ಕೆ ಹತ್ತು-ಹನ್ನೆರಡು ಮೈಲಿ ಸಾಗುವುದೆಂದು ಇಟ್ಟುಕೊಂಡರೆ, ಬೆಳ್ವೊಲದ ಬಂಡಿಗಳು ಮೂರನೆಯ ದಿನದ ಸಂಜೆಗೆ ಕುಂದೂರನ್ನು ಮುಟ್ಟುತ್ತಿದ್ದುವು. ಅಲ್ಲಿಂದ ಮುಂದೆ ನೆಲದ ಗುಣವೇ ಬದಲಾಗುತ್ತದೆ: ಎರೆ ಹೋಗಿ ಕೆಂಪು ಮಣ್ಣು, ಜೋಳ-ಹತ್ತಿಗಳು ಹೋಗಿ ಭತ್ತ. ಘಟ್ಟವನ್ನಿಳಿಯುವ ಸರಕು ಬಂಡಿಯಿಂದ ಹೇರೆತ್ತಿನ ಬೆನ್ನಿಗೆ ಏರಬೇಕಾದ ಸೀಮೆಗೆ ಇದು ಹೆಬ್ಬಾಗಿಲು.

ಈ ನಾಲ್ಕು ಊರುಗಳು ಒಂದು ಗೆರೆಯ ಮೇಲಿರುವುದು ಕೇವಲ ಕಾಕತಾಳೀಯವೆನ್ನುವವರು, ಗೋವೆಯ ಕದಂಬರ ಕಟ್ಟಡಗಳು ಎಲ್ಲಿ ನಿಂತಿವೆಯೆಂಬುದನ್ನೂ ಗಮನಿಸಬೇಕು. ಹಲಸಿಯಲ್ಲಿ ಭೂವರಾಹ-ನರಸಿಂಹ ದೇವಾಲಯ, ಕಿತ್ತೂರಿನ ಹತ್ತಿರದ ದೇಗಾಂವಿಯಲ್ಲಿ ರಾಣಿ ಕಮಲಾದೇವಿಯು ೧೧೭೪ರ ಸುಮಾರಿಗೆ ಕಟ್ಟಿಸಿದ ಕಮಲನಾರಾಯಣ ದೇವಾಲಯ, ನರೇಂದ್ರದಲ್ಲಿ ಶಂಕರಲಿಂಗ. ಇವು ಒಂದೇ ಮನೆತನದ ಆಳಿಕೆಯಲ್ಲಿ, ಒಂದರಿಂದೊಂದಕ್ಕೆ ಒಂದೆರಡು ದಿನಗಳ ಪ್ರಯಾಣದ ಅಂತರದಲ್ಲಿ ಎದ್ದ ಗುಡಿಗಳು. ಅರಸರು ಗುಡಿ ಕಟ್ಟಿಸುವುದು ಜನರು ಹಾಯುವ ದಾರಿಯಲ್ಲಿ. ದತ್ತಿ ನಡೆಯಬೇಕಾದರೆ ಸುಂಕ ಹುಟ್ಟಬೇಕು. ಸುಂಕ ಹುಟ್ಟಬೇಕಾದರೆ ಹೇರು ಸಾಗಬೇಕು. ಚಾಳುಕ್ಯರ ಕಾಲದ ಶಾಸನಗಳಲ್ಲಿ ಪದೇ ಪದೇ ಬರುವ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಶಬ್ದಗಳು ಈ ವ್ಯವಸ್ಥೆಯ ಗುರುತುಗಳಾಗಿವೆ. ಪಾಠ ಹೇಳುವಾಗ ಈ ಶಬ್ದಗಳಿಗೆ 'ಒಂದು ಬಗೆಯ ತೆರಿಗೆ' ಎಂದು ಟಿಪ್ಪಣಿ ಬರೆಯಿಸಿ ಮುಗಿಸುವ ರೂಢಿಯಿದೆ. ಅವು ದಾರಿಯ ಮೇಲೆ ಹಾಯುವ ಸರಕಿನೊಡನೆ ಕೂಡಿಕೊಂಡ ಶಬ್ದಗಳೆಂಬುದನ್ನು ಹೇಳಿದರೆ ವಿದ್ಯಾರ್ಥಿಗೆ ಊರೂ ಕಾಣಿಸೀತು, ಬಂಡಿಯೂ ಕಾಣಿಸೀತು.

ಸುಂಕದ ಮಾತು ಬಂದುದರಿಂದ ಪ್ರಸಂಗವಶಾತ್ ಇನ್ನೊಂದನ್ನು ಹೇಳಬಹುದು. ಒಂದನೆಯ ಜಯಕೇಶಿಯ ಮಗಳು ಮಯಣಲ್ಲದೇವಿಯು ಗುಜರಾತದ ಚೌಲುಕ್ಯ ಕರ್ಣನ ರಾಣಿಯಾಗಿ ಸಿದ್ಧರಾಜ ಜಯಸಿಂಹನನ್ನು ಹೆತ್ತಳು. ಸೋಮನಾಥಕ್ಕೆ ಹೋಗುವ ಬಡ ಯಾತ್ರಿಕರು ಬಾಹುಲೋಡವೆಂಬಲ್ಲಿ ಸುಂಕ ತೆರಲಾರದೆ ಹಿಂದಿರುಗುವುದನ್ನು ಕಂಡು ಮರುಗಿ, ಮಗನಿಗೆ ಹೇಳಿ ಆ ಸುಂಕವನ್ನೇ ರದ್ದು ಮಾಡಿಸಿದಳೆಂದು ಮೇರುತುಂಗನ ಪ್ರಬಂಧಚಿಂತಾಮಣಿಯಲ್ಲಿ ಕಥೆಯಿದೆ. ಆ ಗ್ರಂಥದ ಕಥೆಗಳೆಲ್ಲವನ್ನೂ ಚರಿತ್ರೆಯೆಂದು ಎತ್ತಿಕೊಳ್ಳಲಾಗದು. ಆದರೂ ರೇವುಗಳ ಸುಂಕದಿಂದಲೇ ಬೆಳೆದ ಮನೆತನದ ಮಗಳ ಮೇಲೆ ಇಂಥ ಕೀರ್ತಿಯು ನಿಂತುದು ಗಮನಾರ್ಹವಾಗಿದೆ.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಒತ್ತಡಕ್ಕೆ ಸಿಕ್ಕು ಗೋವೆಯ ಕದಂಬರ ಬಲವು ಕುಗ್ಗಿತು. ಅಲ್ಲಿಂದ ಮುಂದೆ ಕೊಂಕಣ ೯೦೦ ಮತ್ತು ಕುಂದೂರು ೫೦೦ ಒಬ್ಬ ಮಂಡಲೇಶ್ವರನ ಕೈಯೊಳಗೆ ಉಳಿಯಲಿಲ್ಲ. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ಮಾಧವಮಂತ್ರಿಯು ಗೋವೆಯನ್ನು ಬಹಮನಿಗಳಿಂದ ಗೆದ್ದುಕೊಂಡ ಮೇಲೆ ಅಲ್ಲಿಯ ರೇವಿನಿಂದ ಅರಬೀ ಕುದುರೆಗಳು ಘಟ್ಟವನ್ನೇರತೊಡಗಿದುವು. ಆದರೆ ೧೫೧೦ರಲ್ಲಿ ಗೋವೆಯು ಪೋರ್ತುಗೀಜರ ಪಾಲಾಯಿತು. ಘಟ್ಟದ ಮೇಲಿನ ಅರಸೊತ್ತಿಗೆಗೂ ಕೆಳಗಿನ ರೇವಿಗೂ ನಡುವೆ ಪರರಾಜ್ಯದ ಗಡಿಯು ಬಿದ್ದುದು ಆಗ. ಅದು ೧೯೬೧ರವರೆಗೆ ಇದ್ದಿತು.

ಕುಂದೂರಿನ ಮಹತ್ವವು ಇಳಿದಂತೆ ಅದರ ನೆರೆಯ ಧಾರವಾಡವು ಏರಿತು. ಧಾರವಾಡದ ಹುಟ್ಟಿನ ವಿಷಯವಾಗಿ ಒಂದು ಪ್ರಚಲಿತವಾದ ಐತಿಹ್ಯವಿದೆ: ಆನೆಗುಂದಿಯ ರಾಮರಾಜನ ಅಧಿಕಾರಿಯಾದ ಧಾರರಾಯನೆಂಬವನು ೧೪೦೩ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಿಸಿದನು, ಅವನಿಂದಲೇ ಊರಿಗೆ ಈ ಹೆಸರು ಬಂದಿತು ಎಂದು. ಮುಂಬಯಿ ಸರಕಾರದ ೧೮೮೪ರ ಗ್ಯಾಝೆಟಿಯರಿನಲ್ಲಿಯೂ ಇದು ಸೇರಿದೆ. ಆದರೆ ರಾಮರಾಜನ ಕಾಲವು ಹದಿನಾರನೆಯ ಶತಮಾನ. ೧೪೦೩ಕ್ಕೂ ಅವನಿಗೂ ಹೊಂದಿಕೆಯೇ ಇಲ್ಲ. ಇದಕ್ಕಿಂತ ಬಲವಾದ ಆಕ್ಷೇಪವೆಂದರೆ, ಹನ್ನೆರಡನೆಯ ಶತಮಾನದ ಶಾಸನಗಳಲ್ಲಿಯೇ ಧಾರವಾಡದ ಹೆಸರು ಬಂದಿರುವುದು. ಹಾಗೆ ಹೆಸರನ್ನು ಉಳಿಸಿಕೊಟ್ಟ ಕಲ್ಲುಗಳಲ್ಲಿ ನರೇಂದ್ರದ ದುರ್ಗಾದೇವಿಯ ಗುಡಿಯ ಹತ್ತಿರದ್ದೂ ಒಂದು. ತನ್ನನ್ನು ಮರೆಯಿಸಿ ಬೆಳೆದ ಪಟ್ಟಣದ ಪ್ರಾಚೀನತೆಗೆ ಹಳ್ಳಿಯೇ ಸಾಕ್ಷಿ ನಿಂತಿದೆ. ಧಾರವಾಡವನ್ನು 'ದ್ವಾರವಾಟ'ವೆಂದು ಬಿಡಿಸಿ, ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಬಾಗಿಲೂರು ಎಂದು ಅರ್ಥ ಹೇಳುವ ಪದ್ಧತಿಯು ಪಂಡಿತರಲ್ಲಿ ಪ್ರಿಯವಾಗಿದೆ. ದೇಶ್ಯನಾಮಗಳಿಗೆ ಸಂಸ್ಕೃತದ ಉಡುಪು ತೊಡಿಸುವ ಹವ್ಯಾಸವು ಹಳೆಯದು. ಅದನ್ನು ಎಚ್ಚರಿಕೆಯಿಂದ ನೋಡಬೇಕು. ಹಾಗಿದ್ದರೂ ನಿರುಕ್ತವು ಹೇಗೇ ಇರಲಿ, ಅರ್ಥವು ನೆಲಕ್ಕೆ ಹೊಂದುತ್ತದೆ. ಮತ್ತು ಆ ಬಾಗಿಲಿನ ಕಾವಲು ಧಾರವಾಡಕ್ಕಿಂತ ಮೊದಲು ಕುಂದೂರಿನ ಕೈಯಲ್ಲಿದ್ದಿತು.

ಬಿಜಾಪುರದವರು ೧೫೭೩ರಲ್ಲಿ ಧಾರವಾಡವನ್ನು ಹಿಡಿದರು. ಅಲ್ಲಿಂದ ೧೮೧೮ರಲ್ಲಿ ಇಂಗ್ಲಿಷರ ಆಡಳಿತವು ಬರುವವರೆಗೆ ಮೊಗಲರು, ಮರಾಠರು, ಹೈದರ್-ಟೀಪೂಗಳು ಈ ಕೋಟೆಗಾಗಿ ಕಾದಾಡಿದರು. ೧೭೯೦-೯೧ರಲ್ಲಿ ಮರಾಠರ ಮತ್ತು ಇಂಗ್ಲಿಷರ ಕೂಡು ಸೈನ್ಯವು ಹಾಕಿದ ಮುತ್ತಿಗೆಯು ತಿಂಗಳುಗಟ್ಟಲೆ ನಡೆಯಿತು. ಈ ಸೈನ್ಯಗಳ ಹಾದಿಗಳನ್ನು ನೋಡಿದರೆ ದಾರಿಯ ದಿಕ್ಕು ತಿರುಗಿದುದು ಸ್ಪಷ್ಟವಾಗುತ್ತದೆ. ಪುಣೆಯಿಂದ ಶ್ರೀರಂಗಪಟ್ಟಣದ ಕಡೆಗೆ ಹೊರಟವನಿಗೂ ಅಲ್ಲಿಂದ ಮರಳಿದವನಿಗೂ ಬೇಕಾದುದು ಉತ್ತರದಕ್ಷಿಣದ ಹಾದಿ. 

೧೮೨೪ರ ಅಕ್ಟೋಬರದಲ್ಲಿ ಕಲೆಕ್ಟರ್ ಥ್ಯಾಕರೆಯು ಧಾರವಾಡದಿಂದ ಕಿತ್ತೂರಿಗೆ ಹೋದುದೂ ಈ ವಾಯವ್ಯದ ಕಡೆಗೇ. ಅಕ್ಟೋಬರ ೨೩ರಂದು ರಾಣಿ ಚೆನ್ನಮ್ಮನ ಸೈನ್ಯದೊಡನೆ ನಡೆದ ಕಾಳಗದಲ್ಲಿ ಅವನು ಮಡಿದನು. ಡಿಸೆಂಬರದಲ್ಲಿ ಕಿತ್ತೂರು ಬಿದ್ದಿತು. ಇಂಗ್ಲಿಷರು ಮುಂದೆ ಪುಣೆ-ಬೆಂಗಳೂರು ರಸ್ತೆಯೆಂದು ಬಲಪಡಿಸಿದುದು ಬೆಳಗಾವಿ, ಕಿತ್ತೂರು, ಧಾರವಾಡ, ಹುಬ್ಬಳ್ಳಿ, ಹರಿಹರಗಳನ್ನು ಕೂಡಿಸುವ ಈ ದಾರಿಯನ್ನೇ.

ಆದರೂ ಸರಕು ಕಡಲನ್ನು ಬಿಟ್ಟಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಧಾರವಾಡ ಜಿಲ್ಲೆಯಲ್ಲಿ ಅಮೇರಿಕನ್ ಹತ್ತಿಯ ಬೆಳೆಯು ಹಬ್ಬಿತು. ಆ ಹತ್ತಿಯ ಅಂಡಿಗೆಗಳು ಎತ್ತಿನ ಬಂಡಿಗಳ ಮೇಲೆ ನೈಋತ್ಯಕ್ಕೆ ತಿರುಗಿ, ಘಟ್ಟವನ್ನಿಳಿದು ಕುಮಟೆಯ ರೇವನ್ನು ಸೇರುತ್ತಿದ್ದುವು. ಗೋವೆಯು ಪರರಾಜ್ಯವಾದುದರಿಂದ ಹಳೆಯ ಪಶ್ಚಿಮದ ದಾರಿಯು ಇಂಗ್ಲಿಷರ ವ್ಯಾಪಾರಕ್ಕೆ ಒದಗುವಂತಿರಲಿಲ್ಲ. ಹೀಗೆ ಕಡಲಿನ ವ್ಯಾಪಾರವು ಹುಬ್ಬಳ್ಳಿಗೆ ಸೇರಿತು; ಸರಕಾರೀ ಟಪಾಲು ಮತ್ತು ಸೈನ್ಯಗಳು ನರೇಂದ್ರದ ಮುಂದೆ ಹಾಯ್ದುವು.

೧೮೭೮ರ ಡಿಸೆಂಬರದಲ್ಲಿ ಇಂಗ್ಲಿಷರಿಗೂ ಪೋರ್ತುಗೀಜರಿಗೂ ಆದ ಒಪ್ಪಂದವು ಈ ಸ್ಥಿತಿಯನ್ನು ಬದಲಿಸಿತು. ಮುರ್ಮಾಗೋವಾ ಬಂದರದಿಂದ ಘಟ್ಟವನ್ನೇರಿ ಬರುವ ರೇಲ್ವೆಯು ೧೮೮೮ರಲ್ಲಿ ಗಡಿಯ ಕ್ಯಾಸಲ್ ರಾಕನ್ನು ಮುಟ್ಟಿತು. ಈ ಕಡೆಯಿಂದ ಸದರ್ನ್ ಮರಾಠಾ ರೇಲ್ವೆಯು ಗದಗ, ಹುಬ್ಬಳ್ಳಿ, ಧಾರವಾಡ, ಅಳ್ನಾವರ, ಲೋಂಡಾಗಳ ಮೇಲೆ ಹೋಗಿ ಅದನ್ನು ಕೂಡಿಕೊಂಡಿತು. ಕುಮಟೆಯ ರೇವಿನ ಹತ್ತಿಯ ವ್ಯಾಪಾರವು ಕುಗ್ಗಿತು. ಜನರು ಇದನ್ನು ಇಂಗ್ಲಿಷರು ತಂದ ಹೊಸ ದಾರಿಯೆಂದು ತಿಳಿದರು. ಆದರೆ ಗದಗ-ಅಣ್ಣಿಗೇರಿ-ಧಾರವಾಡ-ಗೋವೆ ಎಂಬ ಈ ಸಾಲನ್ನು ಜಯಕೇಶಿಯ ಕಾಲದ ಸಾಲಿನೊಡನೆ ಒತ್ತಟ್ಟಿಗಿಟ್ಟು ನೋಡಿದರೆ, ಹಳಿಗಳು ಮಾತ್ರ ಹೊಸವು, ದಿಕ್ಕು ಹಳೆಯದು ಎಂಬುದು ಮನಗಾಣುತ್ತದೆ. ಪಲಸಿಗೆ ಹನ್ನೆರಡು ಸಾಸಿರದ ಕಾಡಿನ ಮೂಲಕವೇ ಉಗಿಬಂಡಿಯು ಕಡಲಿಗೆ ಇಳಿಯಿತು.

ದುರ್ದೈವದಿಂದ, ಆ ದಾರಿಯು ಮರಳಿ ತೆರೆದಾಗ ನರೇಂದ್ರವು ಅದರ ಮೇಲೆ ಇರಲಿಲ್ಲ. ಧಾರವಾಡವನ್ನು ಬಿಟ್ಟ ಹಳಿಗಳು ಕ್ಯಾರಕೊಪ್ಪ, ಮುಗದ, ಕಂಬಾರಗಣವಿಗಳ ಮೇಲೆ ಅಳ್ನಾವರದ ಕಡೆಗೆ ಬಾಗಿದುವು. ನರೇಂದ್ರವು ಉತ್ತರಕ್ಕೆ ಕೆಲವೇ ಮೈಲಿಗಳಲ್ಲಿ ಉಳಿಯಿತು. ಇಂಜಿನಿಯರುಗಳ ದೃಷ್ಟಿಯಲ್ಲಿ ಇದು ಏರಿಳಿತಗಳ ಲೆಕ್ಕ ಮತ್ತು ಜಿಲ್ಲೆಯ ಮುಖ್ಯಸ್ಥಳವನ್ನು ಮುಟ್ಟಿಸುವ ಲೆಕ್ಕ. ಅಣ್ಣಿಗೇರಿಗೆ ನಿಲ್ದಾಣ ದೊರೆಯಿತು, ಪೇಟೆ ಬೆಳೆಯಿತು. ಅದೇ ಹಳೆಯ ಸಾಲಿನ ಕುಂದೂರಿಗೂ ಹಲಸಿಗೂ ದೊರೆಯಲಿಲ್ಲ. ಎರಡೂ ಹಳ್ಳಿಗಳಾಗಿಯೇ ಉಳಿದುವು.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಂದ ಮೇಲೆ ಹೆದ್ದಾರಿಯ ಮಗ್ಗುಲಿನ ಊರಿಗೆ ಮತ್ತೆ ಒಂದು ಬಗೆಯ ಲಾಭವಾಯಿತು. ಧಾರವಾಡಕ್ಕೂ ನರೇಂದ್ರಕ್ಕೂ ನಡುವೆ ಎತ್ತಿನಗುಡ್ಡದ ಬಳಿ ೧೯೪೭ರಲ್ಲಿ ಕೃಷಿ ಕಾಲೇಜು ಹುಟ್ಟಿ, ೧೯೮೬ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಊರನ್ನು ದಾಟಿ ಬೆಳಗಾವಿಯ ಕಡೆಗೆ ಬೇಲೂರು-ಮುಮ್ಮಿಗಟ್ಟಿಗಳ ಸೀಮೆಯಲ್ಲಿ ಕೈಗಾರಿಕೆಯ ಪ್ರದೇಶವೂ, ೨೦೦೮ರಲ್ಲಿ ಉಚ್ಚ ನ್ಯಾಯಾಲಯದ ಪೀಠವೂ ಬಂದುವು. ೧೯೯೭ರಲ್ಲಿ ಹುಬ್ಬಳ್ಳಿಯನ್ನು ಮುಖ್ಯಸ್ಥಳವಾಗಿಟ್ಟುಕೊಂಡು ಹುಟ್ಟಿದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಈ ದಾರಿಯಲ್ಲಿ ಹಗಲಿರುಳು ಓಡುತ್ತವೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು ೨೨ ಕಿಲೋಮೀಟರುಗಳ ಪ್ರತ್ಯೇಕ ಪಥದಲ್ಲಿ ೨೦೧೮ರಿಂದ ಓಡತೊಡಗಿದ ತ್ವರಿತ ಬಸ್ಸುಗಳು ಮಾತ್ರ ಧಾರವಾಡದಲ್ಲಿಯೇ ನಿಲ್ಲುತ್ತವೆ. ಆ ಪಥವು ನರೇಂದ್ರವನ್ನು ಮುಟ್ಟುವುದಿಲ್ಲ.

ಇವೆಲ್ಲಕ್ಕಿಂತ ಊರಿನ ಹೆಸರನ್ನು ಹೆಚ್ಚು ಹರಡಿದುದು ಬೈಪಾಸ್ ರಸ್ತೆ. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ನರೇಂದ್ರದಿಂದ ಹುಬ್ಬಳ್ಳಿಯ ದಕ್ಷಿಣದ ಗಬ್ಬೂರಿನವರೆಗೆ ಸುಮಾರು ೩೦ ಕಿಲೋಮೀಟರುಗಳ ಈ ರಸ್ತೆಯು ನಿರ್ಮಿಸಲ್ಪಟ್ಟಿತು. ಖಾಸಗೀ ಬಂಡವಾಳದಿಂದ ಕಟ್ಟಿ, ಗೊತ್ತಾದ ಅವಧಿಯವರೆಗೆ ಟೋಲ್ ಎತ್ತಿ, ತರುವಾಯ ಸರಕಾರಕ್ಕೆ ಒಪ್ಪಿಸತಕ್ಕದ್ದೆಂಬುದು ಕರಾರು. ಪೆರ್ಜುಂಕದ ಊರಿನಲ್ಲಿ ಹೀಗೆ ಟೋಲ್ ನಾಕೆಯು ನಿಂತಿತು. ಆದರೆ ಎರಡಕ್ಕೂ ಒಂದು ವ್ಯತ್ಯಾಸವುಂಟು: ಹನ್ನೆರಡನೆಯ ಶತಮಾನದ ಸುಂಕದಲ್ಲಿ ಊರಿನ ದೇವರಿಗೂ ಕೆರೆಗೂ ಪಾಲು ಬಿಟ್ಟುಕೊಡುವ ಪದ್ಧತಿಯಿದ್ದಿತು, ಅದಕ್ಕಾಗಿಯೇ ಅದು ಕಲ್ಲಿನ ಮೇಲೆ ಬರೆಯಲ್ಪಡುತ್ತಿದ್ದಿತು.

ಈ ಬೈಪಾಸಿನ ವಿಷಯದಲ್ಲಿ ಮೌನವಾಗಿರುವುದು ನ್ಯಾಯವಲ್ಲ. ಮುಂಬಯಿ-ಚೆನ್ನೈ ಹೆದ್ದಾರಿಯು, ಹಳೆಯ ಲೆಕ್ಕದಲ್ಲಿ ೪ನೆಯದು, ಹೊಸ ಲೆಕ್ಕದಲ್ಲಿ ೪೮ನೆಯದು, ನರೇಂದ್ರದ ಉತ್ತರಕ್ಕೂ ಗಬ್ಬೂರಿನ ದಕ್ಷಿಣಕ್ಕೂ ನಾಲ್ಕು ಪಥಗಳಾಗಿ ಅಗಲಿಸಲ್ಪಟ್ಟಿತು. ನಡುವಿನ ಈ ೩೦ ಕಿಲೋಮೀಟರು ಮಾತ್ರ ಎರಡೇ ಪಥಗಳಾಗಿ, ಎದುರುಬದುರು ವಾಹನಗಳಿಗೆ ನಡುವೆ ತಡೆಯಿಲ್ಲದೆ, ವರ್ಷಾನುವರ್ಷ ಉಳಿಯಿತು. ಅಗಲವಾದ ಹೊಳೆಯು ಇಕ್ಕಟ್ಟಾದ ಕಾಲುವೆಗೆ ಬಿದ್ದಂತಾಯಿತು. ಅಪಘಾತಗಳು ಪದೇ ಪದೇ ಸಂಭವಿಸಿದುವು. ೨೦೨೧ರ ಜನೇವರಿ ೧೫ರಂದು ಬೆಳಗಿನಲ್ಲಿ ಇಟಿಗಟ್ಟಿಯ ಹತ್ತಿರ ಟಿಪ್ಪರಿಗೆ ಮಿನಿಬಸ್ಸು ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನರು ಮೃತರಾದರು. ಅವರಲ್ಲಿ ಬಹುಮಂದಿ ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರು. ಆ ತರುವಾಯವೇ ರಸ್ತೆಯನ್ನು ಆರು ಪಥಗಳಾಗಿ ಅಗಲಿಸುವ ಕೆಲಸವು ಕೈಗೊಳ್ಳಲ್ಪಟ್ಟಿತು. ಬಯಲುಸೀಮೆಯ ಜನರು ಕಡಲನ್ನು ನೋಡಲು ಈ ಹೆಬ್ಬಾಗಿಲಿನ ಮೂಲಕ ಹಾಯುವುದು ಎಂಟುನೂರು-ಒಂಬೈನೂರು ವರ್ಷಗಳಿಂದಲೂ ನಡೆದುಬಂದಿರುವಾಗ, ದಾರಿಯನ್ನು ಕಾಯುವವರ ಹೊಣೆಯೂ ಅಷ್ಟೇ ಹಳೆಯದು.

ಶಾಸನಗಳ ಮಾತಿಗೆ ಮರಳುವುದಾದರೆ, ಧಾರವಾಡದಲ್ಲಿ ೧೮೯೦ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘವೂ, ೧೯೩೯ರಿಂದ ಕನ್ನಡ ಸಂಶೋಧನ ಸಂಸ್ಥೆಯೂ ಇದ್ದು, ಶಾಸನಾಭ್ಯಾಸಕ್ಕೆ ಈ ಪಟ್ಟಣವು ಕನ್ನಡನಾಡಿನಲ್ಲಿಯೇ ಅಗ್ರಸ್ಥಾನವನ್ನು ಪಡೆದಿದೆ. ಆದರೂ ತರಗತಿಗಳಲ್ಲಿ ಶಾಸನಸಾಹಿತ್ಯವೆಂದರೆ ಹಲ್ಮಿಡಿ, ಬಾದಾಮಿಯ ಕಪ್ಪೆ ಅರಭಟ್ಟ, ಶ್ರವಣಬೆಳ್ಗೊಳ ಎಂಬಲ್ಲಿಗೆ ನಿಲ್ಲುವುದೇ ಹೆಚ್ಚು. ಅವು ಶ್ರೇಷ್ಠವಾದುವು, ನಿಜ. ಆದರೆ ಕನ್ನಡದಲ್ಲಿ ಕಡಲನ್ನೂ ಹಡಗುಪಡೆಯನ್ನೂ ವರ್ಣಿಸಿದ ರಚನೆಗಳು ಎಷ್ಟಿವೆಯೆಂದು ಎಣಿಸಿದರೆ, ಗದ್ಯಪದ್ಯಗಳು ಕೂಡಿದ ಈ ಶಾಸನಗಳ ಬೆಲೆಯು ತಾನಾಗಿಯೇ ತಿಳಿಯುತ್ತದೆ. ಕಲ್ಲು ಐದು ಮೈಲಿಯೊಳಗಿದೆ. ಬಸ್ಸು ಗಳಿಗೆಗೊಂದು ಇದೆ.

ಇನ್ನೊಂದು ದಾರಿಯ ಮಾತು ಈಚೆಗೆ ನಡೆದಿದೆ. ಲೋಂಡಾವನ್ನು ಸುತ್ತದೆ ಧಾರವಾಡದಿಂದ ಕಿತ್ತೂರಿನ ಮೇಲೆ ನೇರವಾಗಿ ಬೆಳಗಾವಿಗೆ ಹೋಗುವ, ಸುಮಾರು ೭೩ ಕಿಲೋಮೀಟರುಗಳ ರೇಲ್ವೆ ಮಾರ್ಗಕ್ಕೆ ಮಂಜೂರಾತಿಯು ದೊರೆತಿದೆ. ಈ ಮಾರ್ಗವು ಕ್ಯಾರಕೊಪ್ಪದಲ್ಲಿ ೧೮೮೮ರ ಹಳಿಯನ್ನು ಬಿಟ್ಟು ಉತ್ತರಕ್ಕೆ ತಿರುಗತಕ್ಕದ್ದು. ಯೋಜಿತವಾದ ನಿಲ್ದಾಣಗಳ ಸಾಲಿನಲ್ಲಿ ಕ್ಯಾರಕೊಪ್ಪ, ಮುಮ್ಮಿಗಟ್ಟಿ, ತೇಗೂರು, ಕಿತ್ತೂರುಗಳ ಹೆಸರುಗಳಿವೆ, ನರೇಂದ್ರದ ಹೆಸರಿಲ್ಲ.